ಮೊಟ್ಟೆಯಿದ್ದ ಮೀನು

ಜುಲೈ ತಿಂಗಳ ಒಂದು ದಿನ. ಹಿಂದಿನ ರಾತ್ರಿಯಿಂದ ಬಿಡದೆ ಸುರಿಯುತ್ತಿದ್ದ ಮಳೆಗೆ ಹೆದರಿ ಜಿಲ್ಲಾಧಿಕಾರಿಗಳು ಶಾಲೆಗಳಿಗೆ ರಜೆ ಸಾರಿದ್ದರು. ಮಳೆ ರಜೆಯ ಖುಷಿ ಮಕ್ಕಳಿಗಿಂತ ಟೀಚರುಗಳಿಗೇ ಹೆಚ್ಚು ಎಂಬ ಗುಟ್ಟನ್ನು ಇಪ್ಪತ್ತೆಂಟು ವರ್ಷ ಪಾಠ ಮಾಡಿದ ನಾನು ಇಲ್ಲಿ ಧೈರ್ಯವಾಗಿ ಬಿಟ್ಟುಕೊಡುತ್ತಿದ್ದೇನೆ. ಎರಡನೇ ಲೋಟ ಚಹಾ ಮುಗಿಸುವಷ್ಟರಲ್ಲಿ ಗೇಟಿನ ಬಳಿ ಮೀನಿನವಳ ಕೂಗು ಕೇಳಿಸಿತು. ಬುಟ್ಟಿಯ ಮೇಲೆ ಹೊದಿಸಿದ್ದ ಪ್ಲಾಸ್ಟಿಕ್ ಹಾಳೆ ಸರಿಸಿ ಆಕೆ ಹೇಳಿದಳು:

"ನಾಡದೋಣಿ ಬೈಗಿ, ಟೀಚರಮ್ಮ. ಹೊಟ್ಟಿ ತುಂಬ ಮೊಟ್ಟಿ ಇತ್ತ್. ತಕಣಿ."

ನಮ್ಮ ಕುಂದಾಪುರದ ಕಡೆ ಬೈಗೆ ಎನ್ನುವ ಈ ಮೀನಿಗೆ ಉಡುಪಿ, ಮಂಗಳೂರಿನವರು ಬೂತಾಯಿ ಎನ್ನುತ್ತಾರೆ. ಕಾರವಾರದವರಿಗೆ ಅದು ತಾರ್ಲೆ, ಕೇರಳದವರಿಗೆ ಮತ್ತಿ. ಪುಸ್ತಕದ ಹೆಸರು ಎಣ್ಣೆ ಸಾರ್ಡಿನ್. ಬಡವರ ಮೀನು ಎಂದು ಹೆಸರಾದರೂ ಬಡವರಲ್ಲದವರೂ ಯಾರಿಗೂ ಕಾಣದಂತೆ ಎರಡು ತುತ್ತು ಹೆಚ್ಚೇ ಉಣ್ಣುತ್ತಾರೆ. ಮೀನು ಮುಟ್ಟದ ಮನೆಯ ಓದುಗರು ದಯವಿಟ್ಟು ಮೂಗು ಮುಚ್ಚಿಕೊಂಡು ಪುಟ ತಿರುಗಿಸಬೇಡಿ. ನಾನು ಹೇಳಹೊರಟಿರುವುದು ಅಡುಗೆಯ ವಿಷಯವಲ್ಲ.

ಹಿಂದಿನ ಜಗಲಿಯಲ್ಲಿ ಮೆಟ್ಟುಗತ್ತಿ ಹಾಕಿಕೊಂಡು ಕುಳಿತೆ. ನಮ್ಮಲ್ಲಿದ್ದು ಎಂಟನೆಯ ತರಗತಿ ಓದುತ್ತಿರುವ ನನ್ನ ತಂಗಿಯ ಮಗಳು ಪಕ್ಕದಲ್ಲಿ ಬಂದು ಕುಳಿತಳು. ಮೊದಲ ಮೀನಿನ ಹೊಟ್ಟೆ ಸೀಳಿದಾಗ ಎರಡು ಎಸಳು ಹಳದಿ ಮೊಟ್ಟೆ ಹೊರಬಂತು. ಎರಡನೆಯದರಲ್ಲೂ ಅಷ್ಟೆ. ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು:

"ದೊಡ್ಡಮ್ಮ, ಇವೆಲ್ಲ ಬಸುರಿ ಮೀನುಗಳಾ? ಬಸುರಿಯನ್ನು ಕೊಂದರೆ ಪಾಪ ಬರುವುದಿಲ್ಲವಾ?"

ನನ್ನ ಕೈ ನಿಂತಿತು. ಕಾರಣ ಅವಳಿಗೆ ಗೊತ್ತಿಲ್ಲ.

ನಾನು ಮದುವೆಯಾಗಿ ಈ ಮನೆಗೆ ಬಂದಾಗ ಅತ್ತೆಯದೊಂದು ಕಟ್ಟಳೆಯಿತ್ತು. ಮನೆಯಲ್ಲಿ ಬಸುರಿಯಿದ್ದರೆ ಅವಳು ಮೊಟ್ಟೆಯಿದ್ದ ಮೀನನ್ನು ಕೊಯ್ಯಬಾರದು. ಅದು ಯಾವ ಶಾಸ್ತ್ರದಲ್ಲಿದೆಯೋ ಕಾಣೆ, ಬಹುಶಃ ಅವರ ಅತ್ತೆಯ ಶಾಸ್ತ್ರವಿರಬೇಕು. ನಾನು ಎರಡು ಸಲ ಬಸುರಿಯಾದೆ. ಎರಡು ಸಲವೂ ಅತ್ತೆ ಮೆಟ್ಟುಗತ್ತಿಯನ್ನು ನನ್ನ ಮುಂದಿನಿಂದ ಎಳೆದುಕೊಂಡು ತಾವೇ ಮೀನು ಕೊಯ್ದರು. ಎರಡೂ ಉಳಿಯಲಿಲ್ಲ. ಮೂರನೆಯ ತಿಂಗಳಲ್ಲೊಂದು, ಐದನೆಯ ತಿಂಗಳಲ್ಲೊಂದು ಹೋಯಿತು. ಆಮೇಲೆಯೂ ಎಷ್ಟೋ ವರ್ಷ ಅತ್ತೆ ಮಳೆಗಾಲ ಬಂದರೆ ಸಾಕು, ಏನೂ ಕೇಳದೆ ಮೀನಿನ ಬುಟ್ಟಿಯನ್ನು ತಮ್ಮ ಕಡೆಗೆ ಸರಿಸಿಕೊಳ್ಳುತ್ತಿದ್ದರು. ಒಂದು ಮಳೆಗಾಲ, ನನಗಾಗ ನಲವತ್ತು ದಾಟಿತ್ತು, ಮೊಟ್ಟೆ ತುಂಬಿದ ಬೈಗೆಯ ಬುಟ್ಟಿಯನ್ನೂ ಮೆಟ್ಟುಗತ್ತಿಯನ್ನೂ ಅವರೇ ನನ್ನ ಕಡೆಗೆ ದೂಡಿದರು. "ನನಗೆ ಸೊಂಟ ನೋವು, ನೀನೇ ಕೊಯ್ಯಿ" ಎಂದರು. ಸೊಂಟ ನೋವು ನಿಜವೇ ಇರಬಹುದು. ಆದರೆ ಅತ್ತೆ ಆಸೆ ಬಿಟ್ಟರು ಎಂದು ನನಗೆ ಅರ್ಥವಾದದ್ದು ಆ ದಿನ. ಅವರು ಬಾಯಿಬಿಟ್ಟು ಒಂದು ಮಾತೂ ಆಡಲಿಲ್ಲ, ಅವರ ದೊಡ್ಡ ಮನಸ್ಸು. ಆಡುವವರು ಬೇರೆಯೇ ಇದ್ದರು.

ಹುಡುಗಿಗೆ ಏನಾದರೂ ಉತ್ತರ ಹೇಳಬೇಕಲ್ಲ. ನಾನು ಬಿ.ಎ., ಬಿ.ಎಡ್., ಕನ್ನಡ ಮತ್ತು ಸಮಾಜ ಕಲಿಸುವವಳು. ವಿಜ್ಞಾನದ ಮಾಸ್ತರರು ರಜೆ ಹಾಕಿದ ದಿನ ಅವರ ತರಗತಿಯಲ್ಲಿ ಕುಳಿತು ಗದ್ದಲವಾಗದಂತೆ ನೋಡಿಕೊಂಡಷ್ಟೇ ನನ್ನ ವಿಜ್ಞಾನ. "ಸಂಜೆ ಹೇಳುತ್ತೇನೆ" ಎಂದೆ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮಂಗಳೂರಿನ ಮೀನುಗಾರಿಕಾ ಕಾಲೇಜಿನಲ್ಲಿ ಓದಿದವಳು. ಅವಳಿಗೆ ಫೋನು ಮಾಡಿದೆ. "ಟೀಚರ್, ನೀವು ನನಗೆ ಸಂಧಿ ಸಮಾಸ ಹೇಳಿಕೊಟ್ಟಷ್ಟು ಕಷ್ಟವಿಲ್ಲ ಇದು" ಎಂದು ನಕ್ಕು, ಅರ್ಧ ಗಂಟೆ ಪಾಠ ಮಾಡಿದಳು. ಮುಂದಿನ ಭಾನುವಾರ ಎರಡು ಪುಸ್ತಕಗಳನ್ನೂ ತಂದುಕೊಟ್ಟಳು.

ಮೊದಲನೆಯ ಮಾತು, ಬೈಗೆ ಬಸುರಿಯಾಗುವುದಿಲ್ಲ. ಅದರ ಹೊಟ್ಟೆಯಲ್ಲಿರುವುದು ಮರಿಯಲ್ಲ, ಇನ್ನೂ ಗಂಡಿನ ಸಂಪರ್ಕವೇ ಆಗದ ಮೊಟ್ಟೆ. ಹೆಣ್ಣು ಮೊಟ್ಟೆಗಳನ್ನು ಕಡಲಿಗೆ ಬಿಡುತ್ತದೆ, ಗಂಡು ಅಲ್ಲೇ ಹತ್ತಿರದಲ್ಲಿ ತನ್ನ ವೀರ್ಯ ಬಿಡುತ್ತದೆ, ಜೀವ ಕೂಡಿಕೊಳ್ಳುವುದು ನೀರಿನಲ್ಲಿ. ಹಾಗಾಗಿ ನಾನು ಸೀಳಿದ ಮೀನು ಹೆಣ್ಣೆಂಬುದು ನಿಜ, ತಾಯಿಯಾಗಿರಲಿಲ್ಲ.

ಆ ಮೊಟ್ಟೆ ಬೆಳೆಯುವ ರೀತಿಯನ್ನು ಓದುತ್ತ ಹೋದಾಗ ನನಗೆ ಕೆಲಸಗಳೆಲ್ಲ ಮರೆತುಹೋದವು. ಎಳೆಯ ಮೀನಿನ ಅಂಡಾಶಯ ಎರಡು ಸಣ್ಣ ಎಳೆಗಳಂತೆ, ಆರಪಾರ ಕಾಣುವ ಹಾಗೆ ಇರುತ್ತದಂತೆ. ಅದರೊಳಗಿನ ಅಂಡಗಳು ಬರಿಗಣ್ಣಿಗೆ ಕಾಣುವುದಿಲ್ಲ. ಮೀನು ಸುಮಾರು ಒಂದು ವರ್ಷದ್ದಾಗಿ, ಗೇಣಿಗೆ ಕೊಂಚ ಕಡಿಮೆ, ಅಂದರೆ ಹದಿನೈದು ಸೆಂಟಿಮೀಟರಿನ ಆಸುಪಾಸು ಬೆಳೆದಾಗ ಕಾಲ ಕೂಡಿ ಬರುತ್ತದೆ. ಆಗ ಅದರ ಪಿತ್ತಕೋಶದ ಪಕ್ಕದ ಯಕೃತ್ತು ಒಂದು ವಿಶೇಷ ಪ್ರೋಟೀನನ್ನು ತಯಾರಿಸತೊಡಗುತ್ತದೆ. ರಕ್ತ ಅದನ್ನು ಹೊತ್ತು ಅಂಡಾಶಯಕ್ಕೆ ಮುಟ್ಟಿಸುತ್ತದೆ. ಪ್ರತಿಯೊಂದು ಅಂಡವೂ ಅದನ್ನು ಒಳಗೆಳೆದುಕೊಂಡು ಭಂಡಾರ ಮಾಡಿಕೊಳ್ಳುತ್ತದೆ. ಹುಟ್ಟಲಿರುವ ಮರಿಯ ಮೊದಲ ಬುತ್ತಿ ಅದು. ಆರಪಾರವಾಗಿದ್ದ ಅಂಡ ಮಬ್ಬಾಗಿ, ಹಳದಿಯಾಗಿ, ರವೆಯ ಕಾಳಿನಂತೆ ಕಾಣಿಸಿಕೊಳ್ಳುತ್ತದೆ. ನಮ್ಮ ಬಾಣಲೆಗೆ ಬರುವುದು ಈ ಹಂತದ್ದು.

ಈ ಬುತ್ತಿ ಕಟ್ಟುವ ಖರ್ಚು ಯಾರದು? ತಾಯಿಯದೇ. ಮಳೆಗಾಲ ಕಳೆದು ಕಡಲಲ್ಲಿ ಸೂಕ್ಷ್ಮ ಸಸ್ಯಗಳು ಹುಲುಸಾದಾಗ ಬೈಗೆ ತಿಂದು ತಿಂದು ಮೈಯಲ್ಲಿ ಎಣ್ಣೆ ತುಂಬಿಕೊಳ್ಳುತ್ತದೆ. ಮೊಟ್ಟೆಯಿಡುವ ಕಾಲಕ್ಕೆ ಆ ಎಣ್ಣೆಯೆಲ್ಲ ಕರಗಿರುತ್ತದೆ. ಬಾಣಲೆಗೆ ಹಾಕಿದರೆ ತಾನೇ ಎಣ್ಣೆ ಬಿಡುವ ನವೆಂಬರಿನ ಬೈಗೆಗೂ ಒಣಒಣವಾದ ಜುಲೈ ಬೈಗೆಗೂ ರುಚಿಯಲ್ಲಿರುವ ವ್ಯತ್ಯಾಸ ನಮ್ಮ ಕರಾವಳಿಯ ಹೆಂಗಸರಿಗೆ ಯಾವ ಪುಸ್ತಕವೂ ಇಲ್ಲದೆ ಗೊತ್ತು. ಕಾರಣ ಮಾತ್ರ ನನಗೆ ಐವತ್ತು ದಾಟಿದ ಮೇಲೆ ಗೊತ್ತಾಯಿತು.

ಕಡೆಯ ಹಂತ ಬಲು ಚೆಂದ. ಬಿಡುಗಡೆಗೆ ಕೆಲವೇ ಗಂಟೆಗಳಿರುವಾಗ ಆ ಹಳದಿ ಕಾಳು ನೀರು ಹೀರಿಕೊಂಡು ಉಬ್ಬುತ್ತದೆ. ಮಬ್ಬು ಹೋಗಿ ಮತ್ತೆ ಗಾಜಿನಂತೆ ತಿಳಿಯಾಗುತ್ತದೆ. ನೀರು ಕುಡಿದು ಹಗುರಾಗುವ ವಸ್ತುವನ್ನು ನಾನು ಬೇರೆ ಕಂಡಿಲ್ಲ. ಕಡಲ ಉಪ್ಪು ನೀರಿಗಿಂತ ಹಗುರಾದ್ದರಿಂದಲೇ ಅದು ತೇಲುತ್ತದೆ. ಒಂದೂವರೆ ಮಿಲಿಮೀಟರಿಗಿಂತ ದೊಡ್ಡದಲ್ಲದ ಆ ಗೋಲದೊಳಗೆ ಒಂದು ಪುಟ್ಟ ಎಣ್ಣೆಯ ಹನಿ. ಸುಮಾರು ಒಂದು ದಿನದಲ್ಲೇ ಮರಿ ಹೊರಬರುತ್ತದೆ. ಅದಕ್ಕೆ ಬಾಯಿ ಕೂಡ ತೆರೆದಿರುವುದಿಲ್ಲ, ಹೊಟ್ಟೆಗೆ ಅಂಟಿಕೊಂಡ ಬುತ್ತಿಯೇ ಎರಡು ಮೂರು ದಿನದ ಆಹಾರ. ಅದು ಮುಗಿಯುವುದರೊಳಗೆ ತನ್ನ ತುತ್ತನ್ನು ತಾನೇ ಹುಡುಕಿಕೊಳ್ಳಬೇಕು. ಇಲ್ಲವಾದರೆ ಮುಗಿಯಿತು. ತಾಯಿ ಆಗಲೇ ಎಲ್ಲಿಗೋ ಹೋಗಿರುತ್ತದೆ. ಅದು ತಿರುಗಿ ನೋಡುವುದಿಲ್ಲ, ನೋಡಿದರೂ ಗುರುತು ಹಿಡಿಯಲಾರದು.

ಇದನ್ನೆಲ್ಲ ಹೇಳಿದಾಗ ನನ್ನ ತಂಗಿಯ ಮಗಳು ಕೇಳಿದಳು, "ಒಂದು ಮೀನು ಎಷ್ಟು ಮೊಟ್ಟೆ ಇಡುತ್ತದೆ?" ಲೆಕ್ಕ ಹಾಕಿದ ವಿಜ್ಞಾನಿಗಳಲ್ಲಿ ಕೆಲವರು ನಲವತ್ತು ಸಾವಿರದ ಸುಮಾರು ಎಂದರೆ, ಕೆಲವರು ಎಂಬತ್ತು ಸಾವಿರದವರೆಗೆ ಹೇಳಿದ್ದಾರೆ. ನಾವು ಲೆಕ್ಕಕ್ಕೆ ಸುಲಭವಾಗಲೆಂದು ಐವತ್ತು ಸಾವಿರ ಹಿಡಿದೆವು. ಅವಳ ಮುಖ ಸಣ್ಣದಾಯಿತು. "ಹಾಗಾದರೆ ನಾವು ಒಂದು ಮೀನು ತಿಂದರೆ ಐವತ್ತು ಸಾವಿರ ಮರಿ ಕೊಂದ ಹಾಗೆ!"

ನನಗೂ ಮೊದಲು ಹಾಗೆಯೇ ಅನ್ನಿಸಿತ್ತು. ಆದರೆ ಕೊಂಚ ಯೋಚಿಸಿದರೆ ಲೆಕ್ಕ ಬೇರೆಯೇ ಆಗುತ್ತದೆ. ಒಂದು ಹೆಣ್ಣಿನ ಐವತ್ತು ಸಾವಿರವೂ ಬದುಕಿದ್ದರೆ ಅರಬ್ಬೀ ಸಮುದ್ರ ನಾಲ್ಕಾರು ವರ್ಷಗಳಲ್ಲಿ ಬೈಗೆಯಿಂದಲೇ ತುಂಬಿ ನೀರಿಗೆ ಜಾಗವಿರುತ್ತಿರಲಿಲ್ಲ. ಮೀನಿನ ಸಂಖ್ಯೆ ಹೆಚ್ಚೂ ಆಗದೆ ಕಡಿಮೆಯೂ ಆಗದೆ ಇರಬೇಕಾದರೆ ಒಂದು ಹೆಣ್ಣಿನ ಜೀವಮಾನದ ಮೊಟ್ಟೆಗಳಲ್ಲಿ ಸರಾಸರಿ ಎರಡೇ ಎರಡು ಬೆಳೆದು ದೊಡ್ಡದಾದರೆ ಸಾಕು. ಮಿಕ್ಕವುಗಳಲ್ಲಿ ಎಷ್ಟೋ ಕೂಡುವುದೇ ಇಲ್ಲ, ಎಷ್ಟೋ ಅಲೆಗೆ ಸಿಕ್ಕಿ ದಿಕ್ಕು ತಪ್ಪುತ್ತವೆ, ಎಷ್ಟೋ ಇನ್ನೊಂದು ಮೀನಿನ ಬಾಯಿಗೆ ಹೋಗುತ್ತವೆ. ಹಾಗಾದರೆ ನಾನು ಕೊಂದದ್ದು ಐವತ್ತು ಸಾವಿರ ಜೀವಗಳನ್ನಲ್ಲ.

"ಅಬ್ಬ, ಪಾಪ ಕಡಿಮೆಯಾಯಿತು" ಎಂದಳು ಹುಡುಗಿ. ಅವಳು ಅಷ್ಟಕ್ಕೆ ಎದ್ದುಹೋದಳು. ನಾನು ಅಲ್ಲಿಗೆ ಬಿಡಲಿಲ್ಲ. ಏಕೆಂದರೆ ಅದೇ ಲೆಕ್ಕಕ್ಕೆ ಇನ್ನೊಂದು ಮಗ್ಗುಲಿದೆ. ನನ್ನ ಮೆಟ್ಟುಗತ್ತಿಯ ಮುಂದೆ ಬಂದ ಮೀನು ಇಪ್ಪತ್ತೈದು ಸಾವಿರದಲ್ಲಿ ಒಂದಾಗಿ ಉಳಿದದ್ದು. ಎಲ್ಲ ಗಂಡಾಂತರ ದಾಟಿ, ವರ್ಷವಿಡೀ ತಿಂದು ಕೂಡಿಸಿಟ್ಟ ಎಣ್ಣೆಯನ್ನೆಲ್ಲ ಕರಗಿಸಿ, ಇನ್ನೇನು ಕೆಲವು ದಿನದಲ್ಲಿ ಹಗುರಾಗಬೇಕಿದ್ದದ್ದು. ಬೆಲೆಯಿರುವುದು ಒಳಗಿನ ಮೊಟ್ಟೆಗಲ್ಲ, ಆ ಹೊತ್ತಿನವರೆಗೆ ಬದುಕಿ ಬಂದ ಆ ಒಂದು ಮೀನಿಗೆ. ಇದು ನನಗೆ ದೊಡ್ಡ ಮಾತೆಂದು ತೋರಿತು. ನಾವು ಹೆಣ್ಣನ್ನು ನೋಡುವುದು ಇದಕ್ಕೆ ತಿರುಗುಮುರುಗಾಗಿ. ಹೊಟ್ಟೆಯೊಳಗೆ ಏನೋ ಇದೆಯೆಂದು ಗೊತ್ತಾದ ದಿನದಿಂದ ಸೊಸೆಗೆ ಹಾಲು ಹಣ್ಣು. "ಭಾರ ಎತ್ತಬೇಡ", "ಬೇಗ ಮಲಗು". ಹಿಂದಿನ ದಿನವೂ ಅವಳೇ ಇದ್ದಳಲ್ಲ!

ಎರಡನೆಯದು ಹೋದ ಮೇಲೆ, ಹತ್ತಿರದ ನೆಂಟರ ಮನೆಯ ಒಂದು ಸೀಮಂತಕ್ಕೆ ಹೋಗಿದ್ದೆ. ಹೆಂಗಸರು ಒಬ್ಬೊಬ್ಬರಾಗಿ ಹಸೆಯ ಮುಂದೆ ಹೋಗಿ ಆರತಿ ಎತ್ತುತ್ತಿದ್ದರು. ನನ್ನ ಸರದಿ ಬಂದಾಗ ಮನೆಯ ಹಿರಿಯರೊಬ್ಬರು ಬಹಳ ಮೆತ್ತಗೆ, ಬಹಳ ಪ್ರೀತಿಯಿಂದಲೇ, "ನೀನು ಒಳಗೆ ಪಾಯಸ ನೋಡಿಕೋ ಮಗಾ, ತಳ ಹಿಡಿದೀತು" ಎಂದರು. ನಾನು ಹೋಗಿ ಪಾಯಸ ತಿರುವಿದೆ. ತಳ ಹಿಡಿಯಲಿಲ್ಲ.

ಬೈಗೆಯ ಕಥೆಯಲ್ಲಿ ನನ್ನನ್ನು ಬಹಳ ದಿನ ಕಾಡಿದ ಭಾಗ ಇನ್ನೂ ಹೇಳಿಲ್ಲ. ಬೆಳೆದ ಮೊಟ್ಟೆಗಳನ್ನೆಲ್ಲ ಮೀನು ಇಟ್ಟೇ ಇಡುತ್ತದೆಂದು ನಾನು ತಿಳಿದಿದ್ದೆ. ಹಾಗಲ್ಲವಂತೆ. ಬೈಗೆ ಮೊಟ್ಟೆಯಿಡುವುದು ಮುಂಗಾರಿನ ತಿಂಗಳುಗಳಲ್ಲಿ, ಜೂನಿನಿಂದ ಸೆಪ್ಟೆಂಬರಿನೊಳಗೆ. ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಆಂಟನಿ ರಾಜ ಎಂಬ ವಿಜ್ಞಾನಿ 1960ರ ದಶಕದಲ್ಲಿ ಈ ಮೀನಿನ ಅಂಡಾಶಯಗಳನ್ನು ವರ್ಷಗಟ್ಟಲೆ ಪರೀಕ್ಷಿಸುತ್ತ, ಹಳದಿ ತುಂಬಿದ ಮೊಟ್ಟೆಗಳು ಒಳಗೇ ಕುಸಿದು ಕರಗುತ್ತಿರುವುದನ್ನು ಗಮನಿಸಿದರು. ಮೊಟ್ಟೆಯಿಡುವ ಕಾಲದಲ್ಲಿ ಮಳೆ ಸಾಲದಾದ ವರ್ಷಗಳಿಗೂ ಇದಕ್ಕೂ ನಂಟಿದೆಯೆಂದು ಅವರು ಹೇಳಿದರು. ಹೊರಗೆ ಕಾಲ ಸರಿಯಿಲ್ಲವೆಂದರೆ ಮೀನಿನ ದೇಹ ಕಟ್ಟಿದ ಬುತ್ತಿಯನ್ನು ಬಿಚ್ಚಿ ಮತ್ತೆ ತನ್ನೊಳಕ್ಕೇ ತೆಗೆದುಕೊಳ್ಳುತ್ತದೆ.

ನನ್ನನ್ನು ಮೀನಿಗೆ ಹೋಲಿಸಿಕೊಂಡು ಸಮಾಧಾನಪಟ್ಟೆನೆಂದು ತಿಳಿಯಬೇಡಿ. ನನ್ನ ಎರಡು ಬಸಿರುಗಳು ಮೊಟ್ಟೆಗಳಲ್ಲ. ಐದು ತಿಂಗಳ ಹೊಟ್ಟೆಯೊಳಗೆ ಅದು ಒದ್ದದ್ದು ನನಗೆ ಗೊತ್ತು. ಆದರೆ ನನ್ನ ಹಳೆಯ ವಿದ್ಯಾರ್ಥಿನಿ ಮಾತಿನ ನಡುವೆ ಒಂದು ಸಂಗತಿ ಹೇಳಿದಳು. ಹುಟ್ಟುವಾಗಲೇ ಹೆಣ್ಣು ಮಗುವಿನ ಅಂಡಾಶಯಗಳಲ್ಲಿ 10ರಿಂದ 20 ಲಕ್ಷ ಅಂಡಗಳಿರುತ್ತವೆ. ಮೈನೆರೆಯುವ ಹೊತ್ತಿಗೆ ಮೂರು ನಾಲ್ಕು ಲಕ್ಷ ಉಳಿದಿರುತ್ತವೆ. ಬಾಳಿನುದ್ದಕ್ಕೂ ಪಕ್ವವಾಗಿ ಹೊರಬರುವುದು ಸುಮಾರು 400. ಮಿಕ್ಕದ್ದನ್ನೆಲ್ಲ ದೇಹ ಸದ್ದಿಲ್ಲದೆ ಒಳಗೇ ಕರಗಿಸಿಕೊಳ್ಳುತ್ತದೆ. ಎಂಟು ಹೆತ್ತವಳಿಗೂ ಹೀಗೆಯೇ, ಹೆರದವಳಿಗೂ ಹೀಗೆಯೇ. ಹೆತ್ತವಳು, ಹೆರದವಳು ಎಂದು ನಾವು ನಡುವೆ ಗೋಡೆ ಕಟ್ಟುತ್ತೇವಲ್ಲ, ಲಕ್ಷಗಳ ಲೆಕ್ಕದಲ್ಲಿ ನಮ್ಮಿಬ್ಬರ ನಡುವಿನ ವ್ಯತ್ಯಾಸ ಎರಡೋ ಮೂರೋ. ಬಂಜೆ ಎಂಬ ಪದಕ್ಕೆ ನಾನು ಮಕ್ಕಳಿಗೆ ಎಷ್ಟೋ ಸಲ ಕಪ್ಪು ಹಲಗೆಯ ಮೇಲೆ ಅರ್ಥ ಬರೆದಿದ್ದೇನೆ, ತತ್ಸಮ ತದ್ಭವ ಹೇಳಿದ್ದೇನೆ. ಮುಂದಿನ ವರ್ಷ ಆ ಪದ ಬಂದಾಗ ಸೀಮೆಸುಣ್ಣ ಹಿಡಿದು ಏನು ಬರೆದೇನೋ ನೋಡಬೇಕು.

ಪಾಪದ ಪ್ರಶ್ನೆ ಹಾಗೇ ಉಳಿದಿತ್ತು. ಮುಂದಿನ ವಾರ ಮೀನಿನವಳು ಬಂದಾಗ ಅವಳನ್ನೇ ಕೇಳಿದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ದೊಡ್ಡ ಯಂತ್ರದ ದೋಣಿಗಳು ಕಡಲಿಗಿಳಿಯುವಂತಿಲ್ಲ. ಸಣ್ಣ ಎಂಜಿನ್ನಿನ ನಾಡದೋಣಿಯವರಿಗೆ ಮಾತ್ರ ಅನುಮತಿ. ಆಕೆಯ ಮಗ ಅಂಥದೊಂದು ದೋಣಿಯಲ್ಲಿ ಹೋಗುತ್ತಾನೆ. "ಮೊಟ್ಟೆಯಿಡುವ ಕಾಲದಲ್ಲೇ ನೀವು ಹಿಡಿಯುತ್ತೀರಲ್ಲ, ನಿಮಗೆ ಏನೂ ಅನ್ನಿಸುವುದಿಲ್ಲವಾ?" ಎಂದೆ. ಕೇಳಿದ ಮೇಲೆ ನನಗೇ ನಾಚಿಕೆಯಾಯಿತು. ಕೊಂಡವಳು ನಾನು, ಉಂಡವಳು ನಾನು.

ಅವಳು ಸಿಟ್ಟಾಗಲಿಲ್ಲ. ಸೆರಗಿನಿಂದ ಮುಖದ ಮಳೆನೀರು ಒರೆಸಿಕೊಂಡು ಹೇಳಿದಳು: "ನೀವ್ ಮೊಟ್ಟಿ ಕಂಡ್ರೆ ಪಾಪ ಅಂತ್ರಿ. ಸಣ್ಣ ಮೀನ್ ಕಂಡ್ರೆ ಅಗ್ಗ ಅಂತ್ರಿ."

ನಾನು ಬಾಯಿ ಮುಚ್ಚಿಕೊಂಡೆ. ಬೆರಳುದ್ದದ ಬೈಗೆಯನ್ನು ಅಗ್ಗವೆಂದು ಎಷ್ಟು ಸಲ ಕೊಂಡಿಲ್ಲ ನಾನು! ಎಷ್ಟೋ ಟನ್ ಎಳೆಯ ಮೀನು ಮೀನುಹಿಟ್ಟಿನ ಕಾರ್ಖಾನೆಗಳಿಗೆ ಹೋಗಿ, ಪುಡಿಯಾಗಿ, ಸಿಗಡಿಗೂ ಕೋಳಿಗೂ ಆಹಾರವಾಗುತ್ತದೆ. ಅಂಡಾಶಯ ಇನ್ನೂ ಎಳೆಯಂತಿರುವ, ಒಂದು ಸಲವೂ ಮೊಟ್ಟೆಯಿಡದ ಮೀನುಗಳು ಅವು. ಮೊಟ್ಟೆ ಕಣ್ಣಿಗೆ ಕಾಣುವುದಿಲ್ಲವಾದ್ದರಿಂದ ಯಾರಿಗೂ ಕರುಣೆ ಬರುವುದಿಲ್ಲ. ನಷ್ಟ ಎರಡರಲ್ಲೂ ಇದೆ. ಇನ್ನೂ ಸರಿಯಾಗಿ ಹೇಳಬೇಕೆಂದರೆ, ಮುಟ್ಟು ನಿಲ್ಲುವ ವಯಸ್ಸಿನ ನನಗೆ ಬಂದ ಕನಿಕರದಲ್ಲಿ ಕಾಲುಭಾಗ ಕೂಡ ಮೈನೆರೆಯದ ಆ ಮೀನುಗಳ ಪಾಲಿಗೆ ಬಂದಿರಲಿಲ್ಲ.

ಈ ಎರಡೂ ತಪ್ಪು ಹೊಸದಲ್ಲ. ಮೊಟ್ಟೆಯಿದ್ದ ಬೈಗೆಯನ್ನೂ ಮರಿಗಳನ್ನೂ ಹಿಡಿಯದಂತೆ ಮದರಾಸು ಸರ್ಕಾರ 1940ರ ದಶಕದಲ್ಲೇ ನಿರ್ಬಂಧ ತಂದಿತ್ತು. ಆಗ ನಮ್ಮ ದಕ್ಷಿಣ ಕನ್ನಡವೂ ಆ ಪ್ರಾಂತ್ಯದಲ್ಲೇ ಇತ್ತು. ಕೇರಳ ಸರ್ಕಾರ 2015ರಲ್ಲಿ ಹತ್ತು ಸೆಂಟಿಮೀಟರಿಗಿಂತ ಚಿಕ್ಕ ಮತ್ತಿಯನ್ನು ಹಿಡಿಯಬಾರದೆಂದಿತು. ಅದೇ ಕೇರಳದಲ್ಲಿ 2012ರಲ್ಲಿ 3.9 ಲಕ್ಷ ಟನ್ ಸಿಕ್ಕಿದ ಮೀನು 2021ರಲ್ಲಿ ಬರೀ 3,297 ಟನ್ನಿಗೆ ಇಳಿಯಿತು. ಮರುವರ್ಷ ಮತ್ತೆ ಮೇಲೆದ್ದಿತು. ಇದರಲ್ಲಿ ಮನುಷ್ಯರ ದುರಾಸೆ ಎಷ್ಟು, ಕಾದ ಕಡಲಿನ ಪಾಲೆಷ್ಟು ಎಂದು ಬಲ್ಲವರೇ ವಾದಿಸುತ್ತಿರುವಾಗ ನಾನು ತೀರ್ಪು ಕೊಡುವುದಿಲ್ಲ. ನನ್ನ ಕೈಯಲ್ಲಿರುವುದು ಒಂದು ಕೈಚೀಲ, ಅದರಲ್ಲಿ ನೂರಿನ್ನೂರು ರೂಪಾಯಿ.

ಮೀನು ಬಿಟ್ಟುಬಿಡಬಹುದಲ್ಲ ಎಂದು ನಮ್ಮ ಶಾಲೆಯ ಸಸ್ಯಾಹಾರಿ ಗೆಳತಿಯೊಬ್ಬಳು ಕೇಳಿದಳು. ಬಿಡಬಹುದು. ಆದರೆ ನಾನು ಬಿಟ್ಟರೆ ನನ್ನ ಕೈ ಚೊಕ್ಕಟವಾಗುತ್ತದೆ, ಮೀನಿನವಳ ಬುಟ್ಟಿ ಖಾಲಿಯಾಗುವುದಿಲ್ಲ. ಇದು ನೆಪವೂ ಇರಬಹುದು, ಹುಟ್ಟಿದಂದಿನಿಂದ ತಿಂದ ನಾಲಗೆ ನ್ಯಾಯಾಧೀಶನ ಪಕ್ಕದಲ್ಲೇ ಕುಳಿತಿರುತ್ತದೆ. ಸದ್ಯಕ್ಕೆ ಸಣ್ಣದನ್ನು ಕೊಳ್ಳುವುದು ನಿಲ್ಲಿಸಿದ್ದೇನೆ. ಮೀನಿನವಳು ಅದನ್ನು ಗಮನಿಸಿದ್ದಾಳೆ. ಬುಟ್ಟಿಯಲ್ಲಿ ಬೆರಳುದ್ದದ್ದೇ ಇದ್ದ ದಿನ ಗೇಟು ದಾಟಿ ಮುಂದಿನ ಮನೆಗೆ ಹೋಗುತ್ತಾಳೆ. ಮೊಟ್ಟೆಯಿದ್ದದ್ದನ್ನು ಏನು ಮಾಡಬೇಕೆಂದು ಇನ್ನೂ ತೀರ್ಮಾನಿಸಿಲ್ಲ.

ಆ ಮಳೆ ರಜೆಯ ಮಧ್ಯಾಹ್ನ ಮೀನೆಲ್ಲ ಕೊಯ್ದು ಮುಗಿಸಿದಾಗ ಒಂದು ಸಣ್ಣ ಬಟ್ಟಲು ತುಂಬ ಮೊಟ್ಟೆ ಬಂದಿತ್ತು. ಹುಡುಗಿ ಒಂದು ಎಸಳನ್ನು ಅಂಗೈಯಲ್ಲಿಟ್ಟುಕೊಂಡು ಬೆಳಕಿಗೆ ಹಿಡಿದು ನೋಡಿದಳು. ಕಾಳುಗಳನ್ನು ಎಣಿಸಲು ಹೋಗಿ ಮೂವತ್ತಕ್ಕೆ ಲೆಕ್ಕ ತಪ್ಪಿಸಿಕೊಂಡಳು. ಅತ್ತೆ ಕಾಲದಿಂದ ಹಿಂದಿನ ಬಾಗಿಲಲ್ಲಿ ಕಾಯುವ ಬೆಕ್ಕು, ಅಂದರೆ ಅದರ ಮೊಮ್ಮಗಳೋ ಮರಿಮಗಳೋ, ಮೊದಲೇ ಬಂದು ಕುಳಿತಿತ್ತು.

"ದೊಡ್ಡಮ್ಮ, ಇದನ್ನು ಏನು ಮಾಡಲಿ?"

"ತೊಳೆದು ಉಪ್ಪು, ಅರಿಶಿನ ಹಚ್ಚಿಡು" ಎಂದೆ. "ನಿಧಾನ, ಒಡೆಯಬೇಡ."